ನೆಲದಡಿಯ ದೋಣಿ

ಕಾಪುವಿನಿಂದ ಮೀನು ತರುವ ಹೆಂಗಸು ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಬಂಗುಡೆಗಳನ್ನು ಮಗುಚಿ ಹಾಕುತ್ತಾ, "ನಿಮ್ಮ ಮನೆಗೆ ಬರುತ್ತಿದ್ದ ದೋಣಿ ಮೇಸ್ತ್ರಿ ಹೋದರು ಬಾಯಮ್ಮ, ಗೊತ್ತುಂಟಾ?" ಎಂದಳು.

ಎಲ್ಲಿಗೆ ಎಂದು ಕೇಳಿದೆ. ಈ ವಯಸ್ಸಿನಲ್ಲಿ ಯಾರಾದರೂ ಹೋದರು ಎಂದರೆ ಎಲ್ಲಿಗೆ ಎಂದು ಕೇಳುವ ಮೂರ್ಖಿ ನಾನೊಬ್ಬಳೇ ಇರಬೇಕು. ಅವಳು ನನ್ನ ಮುಖ ನೋಡಿ, "ಬೆಳಿಗ್ಗೆ ಏಳಲೇ ಇಲ್ಲ. ಅವರ ಅಕ್ಕ ಚಾ ಹಿಡಿದುಕೊಂಡು ಹೋಗಿ ಕರೆದರಂತೆ," ಎಂದಳು. ಆಮೇಲೆ ನಾನು ಮೀನು ತೆಗೆದುಕೊಂಡೆನೋ ಇಲ್ಲವೋ ತಿಳಿಯದು. ಮಧ್ಯಾಹ್ನ ನಮ್ಮವರ ಬಟ್ಟಲಲ್ಲಿ ಬರೀ ಸಾರು ಇತ್ತು, ಮೀನಿಲ್ಲದೆ ತುತ್ತು ಇಳಿಯದ ಆ ಮನುಷ್ಯ ಅಂದು ಒಂದು ಮಾತೂ ಆಡದೆ ಉಂಡರು ಎನ್ನುವುದು ಮಾತ್ರ ನೆನಪಿದೆ.

ಮೇಸ್ತ್ರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನಂತೂ ಕಂಡಿಲ್ಲ. ಕಾಪು ಕಡಲ ಬದಿಯಲ್ಲಿ ಮರದ ದೋಣಿ ಕಟ್ಟುತ್ತಿದ್ದವರು. ಊರಿಗೆಲ್ಲ ದೋಣಿ ಮೇಸ್ತ್ರಿ, ನನಗೂ ಹಾಗೆಯೇ. ಕ್ರೈಸ್ತರ ಹೆಂಗಸೆಂದು ಊರಿಗೆ ನಾನು ಬಾಯಮ್ಮ. ನನ್ನದು ಮನೆಯೊಳಗೆ ಕೊಂಕಣಿ, ಗೇಟು ದಾಟಿದರೆ ತುಳು, ಹೊಟ್ಟೆಪಾಡಿಗೆ ಕನ್ನಡ. ಕಾಪುವಿನ ಶಾಲೆಯೊಂದರಲ್ಲಿ ನಿವೃತ್ತಿಯವರೆಗೆ ಕನ್ನಡ ಕಲಿಸಿದವಳು. ನನ್ನೊಡನೆ ಅವರು ತುಳುವಿನಲ್ಲಿ ಮಾತಾಡಬಹುದಿತ್ತು. ಇಲ್ಲ, ಕನ್ನಡದ ಟೀಚರ ಹತ್ತಿರ ಕನ್ನಡವೇ ಎಂದು ಹಟ. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ಮಕ್ಕಳು ನಿಂತು ಉತ್ತರ ಹೇಳುತ್ತಾರಲ್ಲ, ಅಷ್ಟು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು.

ಅವರನ್ನು ಮೊದಲು ಕಂಡದ್ದೂ ಶಾಲೆಯಲ್ಲೇ. ಅವರ ಅಳಿಯ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗ. ಅಳಿಯ ಎಂದರೆ ಅಕ್ಕನ ಮಗ. ಅವರದು ಅಳಿಯ ಸಂತಾನದ ಮನೆ. ಅಂಥ ಮನೆಗಳಲ್ಲಿ ಮಾವನಾದವನು ಅಕ್ಕನ ಜೊತೆಗೇ ಇದ್ದು, ತನ್ನ ಕೈಯ ಕೆಲಸವನ್ನು ಅಕ್ಕನ ಮಗನಿಗೆ ಕೊಟ್ಟು ಹೋಗುತ್ತಾನೆ. ಮೇಸ್ತ್ರಿ ಮದುವೆಯಾಗಿರಲಿಲ್ಲ. ಮಗ, ಶಿಷ್ಯ, ಜಗಳಕ್ಕೆ ಜೊತೆಗಾರ ಎಲ್ಲವೂ ಆ ಹುಡುಗನೇ. ಆ ಪುಣ್ಯಾತ್ಮ ನಾನು ಸಂಧಿ ಸಮಾಸ ಹೇಳುತ್ತಿದ್ದಾಗ ಬೆಂಚಿನ ಮೇಲೆ ಚೂರಿಯಿಂದ ಒಂದು ಆಮೆಯನ್ನು ಕೊರೆದಿದ್ದ. ಚಂದವಾಗಿಯೇ ಕೊರೆದಿದ್ದ, ಆದರೆ ಬೆಂಚು ಶಾಲೆಯದಲ್ಲವೇ? ಮನೆಯಿಂದ ದೊಡ್ಡವರನ್ನು ಕರೆದುಕೊಂಡು ಬಾ ಎಂದೆ. ಮರುದಿನ ಮಾವ ಬಂದರು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಕಂಕುಳಲ್ಲಿ ಕೀಸುಳಿ. ಸೀದಾ ಬೆಂಚಿನ ಬಳಿ ಹೋಗಿ ಆಮೆಯ ಮೇಲೆ ಬೆರಳಾಡಿಸಿ, "ಬೆನ್ನು ಸರಿ ಬಂದಿದೆ, ಕಾಲು ಸರಿ ಇಲ್ಲ," ಎಂದರು. ಆಮೇಲೆ ಬೆಂಚನ್ನು ಅಂಗಳಕ್ಕೆ ಎಳೆಸಿ ಕೀಸಿ ಹೊಸದರಂತೆ ಮಾಡಿಟ್ಟು, "ಇವನ ಕೈಗೆ ಎಂತಾದರೂ ಕೆಲಸ ಕೊಡಿ ಟೀಚರೆ. ಇಲ್ಲದಿದ್ದರೆ ನಿಮ್ಮ ಶಾಲೆಯಲ್ಲಿ ಬೆಂಚು ಉಳಿಯುವುದಿಲ್ಲ," ಎಂದು ಹೊರಟುಹೋದರು. ಹುಡುಗನಿಗೆ ಒಂದು ಬೈಗುಳ ಇಲ್ಲ.

ಆ ಹುಡುಗ ಬೆಳೆದು ಮಾವನ ಜೊತೆ ದೋಣಿ ಕಟ್ಟಿದ, ಆಮೇಲೆ ತನಗೇ ಒಂದು ದೋಣಿ ಬೇಕೆಂದು ಮಾವನಿಂದ ಕಟ್ಟಿಸಿಕೊಂಡ, ಆ ದೋಣಿಯಲ್ಲಿ ಕಡಲಿಗೆ ಹೋಗಿ ಸತ್ತ. ಗಾಳಿ ಇಲ್ಲದ, ಮಳೆ ಇಲ್ಲದ ಒಂದು ಸಾದಾ ದಿನ. ಅವನು ಸಿಕ್ಕಿದ, ದೋಣಿ ಸಿಗಲಿಲ್ಲ. ಸುದ್ದಿ ಕೇಳಿದ ದಿನ ನಾನು ತರಗತಿಯಲ್ಲಿ ಆ ಬೆಂಚಿನ ಕಡೆ ನೋಡದೆ ಪಾಠ ಮಾಡಿದೆ. ಮೇಸ್ತ್ರಿ ಆಮೇಲೆ ದೋಣಿ ಕಟ್ಟುವುದನ್ನು ಬಿಟ್ಟರು ಎಂದು ಯಾರೋ ಹೇಳಿದರು. ಕಾಲವೂ ಹಾಗೆಯೇ ಬಂದಿತ್ತು, ಎಲ್ಲ ಫೈಬರು ದೋಣಿ. ಜನ ಕಾರಣ ಅದೇ ಎಂದುಕೊಂಡರು.

ಇನ್ನು ನಮ್ಮ ಮನೆಯ ವಿಚಾರ. ಊರಿಗೊಂದು ದಾರಿಯಾದರೆ ನಮ್ಮವರಿಗೊಂದು ದಾರಿ. ನಮ್ಮ ಊರು ಶಿರ್ವದಲ್ಲಿ ಗಲ್ಫಿನಿಂದ ಬಂದವರೆಲ್ಲ ಮನೆಯನ್ನು ಮೇಲಕ್ಕೆ ಏರಿಸಿದರೆ, ಕುವೈತಿನಿಂದ ಬಂದ ನಮ್ಮವರು ಕೆಳಕ್ಕೆ ತೋಡಿದರು. ಮುರಕಲ್ಲು ಕಡಿದು, ಸುತ್ತ ಕಾಂಕ್ರೀಟು ಗೋಡೆ ಹಾಕಿ, ನೆಲದಡಿಯಲ್ಲಿ ಒಂದು ದೊಡ್ಡ ಕೋಣೆ. ಅಲ್ಲೊಂದು ಬಾರ್ ಮಾಡಿ ಸ್ನೇಹಿತರನ್ನು ಕೂರಿಸುವ ಆಸೆ ಅವರದು. ಇನ್ನು ಒಂದು ಹನಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ ಮೇಲೆ ಕೋಣೆ ನನ್ನ ಪಾಲಿಗೆ ಬಂತು. ನಾನು ಇಗರ್ಜಿಯ ಕೊಯರಿಗೆ ಹಾಡು ಕಲಿಸುತ್ತೇನೆ. ಆದರೆ ಆ ಬೋಳು ಗೋಡೆಗಳ ನಡುವೆ ಒಂದು ಸ್ವರ ಬಿಟ್ಟರೆ ನಾಲ್ಕೂ ಕಡೆಯಿಂದ ವಾಪಸು ಬಂದು ಕೆನ್ನೆಗೆ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು. ಗೋಡೆಗೆಲ್ಲ ಮರದ ಹಲಗೆ ಹೊಡೆಸೋಣ, ದನಿಯೂ ಸರಿಯಾಗುತ್ತದೆ, ನೋಡಲಿಕ್ಕೂ ಚಂದ ಎಂದು ನಿರ್ಧಾರವಾಯಿತು.

ಕಾಪುವಿನ ಮೀನು ಪೇಟೆಯಲ್ಲಿ ಮೇಸ್ತ್ರಿ ಸಿಕ್ಕಿದಾಗ ಒಳ್ಳೆಯ ಆಚಾರಿ ಯಾರಾದರೂ ಇದ್ದರೆ ಹೇಳಿ ಎಂದೆ. ಯಾವ ಕೆಲಸ ಎಂದು ಕೇಳಿದರು. ಹೇಳಿದೆ. ಅದುವರೆಗೆ ಬುಟ್ಟಿಯ ಸಿಗಡಿಯನ್ನೇ ನೋಡುತ್ತಿದ್ದವರು ತಲೆ ಎತ್ತಿದರು.

"ಗೋಡೆಯ ಆಚೆ ಮಣ್ಣಾ?"

"ಸುತ್ತಲೂ ಮಣ್ಣು."

"ಮಳೆಗಾಲದಲ್ಲಿ ನೀರು ನಿಲ್ಲುತ್ತದಾ?"

"ನಿಲ್ಲದೆ ಎಲ್ಲಿ ಹೋಗುತ್ತದೆ?"

"ಬೇರೆಯವರು ಬೇಡ," ಎಂದರು. "ನಾನು ಬರುತ್ತೇನೆ."

ಬಂದವರು ಕೆಳಗಿಳಿದು ಕೋಣೆಯ ನಡುವೆ ನಿಂತು ಸುತ್ತ ನೋಡಿದರು. ಆಮೇಲೆ ಗೋಡೆಗೆ ಕಿವಿ ಇಟ್ಟರು, ಬೆರಳ ಗೆಣ್ಣಿನಿಂದ ತಟ್ಟಿದರು, ಅಂಗೈ ಒತ್ತಿದರು. ಕೊನೆಗೆ ನನ್ನನ್ನು ಕೇಳಿದ್ದು, "ಇದರ ಮೂತಿ ಯಾವ ಕಡೆ?" ಎಂದು. ಕೋಣೆಗೆಂಥ ಮೂತಿ ಎಂದು ನಮ್ಮವರು ನಕ್ಕರು. "ಪೊರ್ಬುಗಳೇ, ನೀವು ಮೇಲೆ ಹೋಗಿ ಟಿವಿ ನೋಡಿ," ಎಂದರು ಮೇಸ್ತ್ರಿ. ನಾನು ಬಾಯಮ್ಮನಾದರೆ ನಮ್ಮವರು ಅವರಿಗೆ ಪೊರ್ಬುಗಳು. ಅಂದಿನಿಂದ ಕೆಲಸ ಮುಗಿಯುವವರೆಗೆ ನಮ್ಮವರಿಗೆ ಕೆಳಗೆ ಪ್ರವೇಶವಿರಲಿಲ್ಲ.

ಮುಟ್ಟುವುದು ಅವರ ಸ್ವಭಾವವೇ ಆಗಿತ್ತು. ಕುರ್ಚಿ ಕೊಟ್ಟರೆ ಕೂರುವ ಬದಲು ಅದರ ಕೈ ಸವರುತ್ತಿದ್ದರು. ನಮ್ಮ ಊಟದ ಮೇಜನ್ನು ಅಡಿಯಿಂದ ಮುಟ್ಟಿ, ಯಾರು ಮಾಡಿದ್ದು ಇದು, ಅವಸರದಲ್ಲಿದ್ದ ಎಂದಿದ್ದರು. ಮಣಿಪಾಲದಲ್ಲಿ ಇಂಟೀರಿಯರ್ ಕೆಲಸ ಮಾಡುವ ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಹತ್ತಾರು ಹಲಗೆಗಳ ಚಿತ್ರ ತೋರಿಸಿ ಯಾವುದಾಗಬಹುದು ಎಂದು ಕೇಳಿದರೆ, ಮೇಸ್ತ್ರಿ ಮುಖ ತಿರುಗಿಸಿದರು. "ಮುಟ್ಟಿ ನೋಡದೆ ಹೇಳಬಾರದು ಮಗಾ. ಕಣ್ಣು ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ." ಈ ಮಾತನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದೆನೋ. ಕೇಳಿ ಕೇಳಿ ನಾನು ಕೊಯರಿನ ಹೆಂಗಸರ ಮುಂದೆ ಅವರಂತೆಯೇ ಹೇಳಿ ನಗಿಸುತ್ತಿದ್ದೆ. ಈಗ ನಗು ಬರುವುದಿಲ್ಲ.

ಮರ ಆರಿಸಲು ಕಾರ್ಕಳದ ಮಿಲ್ಲಿಗೆ ಹೋದೆವು. ಹೆಬ್ಬಲಸೇ ಆಗಬೇಕೆಂದು ಪಟ್ಟು, ದೋಣಿಯ ಮರ ಅದು. ಒಂದೊಂದು ಹಲಗೆಯನ್ನೂ ತಟ್ಟಿ, ಮೂಸಿ, ಓರೆಯಾಗಿ ಹಿಡಿದು ನೋಡಿ, ಹೆಚ್ಚಿನವನ್ನೆಲ್ಲ ಬದಿಗೆ ತಳ್ಳಿದರು. ಮಿಲ್ಲಿನವನಿಗೆ ತಾಳ್ಮೆ ತಪ್ಪಿತು. "ಹೆಣ್ಣು ನೋಡಲಿಕ್ಕೆ ಬಂದದ್ದಾ ಮಾರಾಯ್ರೆ?" ಎಂದ. "ಹೆಣ್ಣಾದರೆ ತಪ್ಪಿದರೆ ಇಬ್ಬರಿಗೇ ಕಷ್ಟ, ಮರ ತಪ್ಪಿದರೆ ದೋಣಿಯಲ್ಲಿ ಕೂತವರಿಗೆಲ್ಲ," ಎಂದರು ಮೇಸ್ತ್ರಿ, ಹಲಗೆಯಿಂದ ಕಣ್ಣು ತೆಗೆಯದೆ. ಬರುವಾಗ ಟೆಂಪೋದಲ್ಲಿ ಮುಂದೆ ಜಾಗವಿದ್ದರೂ ಹಿಂದೆ ಹಲಗೆಗಳ ಜೊತೆಗೇ ಕೂತರು. ಕನ್ನಡಿಯಲ್ಲಿ ನೋಡಿದರೆ ಒಂದು ಅಂಗೈ ಹಲಗೆಯ ಮೇಲೆ, ಮಲಗಿದ ಮಗುವಿನ ಮೇಲೆ ಇಡುತ್ತಾರಲ್ಲ ಹಾಗೆ.

ಕೆಲಸ ಶುರುವಾಗುವ ಮೊದಲೇ ಜಗಳವೂ ಆಯಿತು. ತಂಗಿಯ ಮಗಳು ಗೋಡೆಗೆ ಮೊದಲು ಮರದ ಪಟ್ಟಿ, ಅಂದರೆ ರೀಪು, ಹೊಡೆಯಬೇಕು, ರೀಪಿನ ಮೇಲೆ ಹಲಗೆ ಬರಬೇಕು ಎಂದಳು.

"ಗೋಡೆಗೂ ಮರಕ್ಕೂ ನಡುವೆ ಗಾಳಿ ಆಡಬೇಕು. ಹಲಗೆ ಹಲಗೆಯ ಮಧ್ಯೆಯೂ ಸ್ವಲ್ಪ ಜಾಗ ಬಿಡಬೇಕು ಮೇಸ್ತ್ರಿಯವರೇ. ಮಳೆಗಾಲದಲ್ಲಿ ಮರ ಉಬ್ಬುತ್ತದೆ."

"ಉಬ್ಬಬೇಕು ಮಗಾ. ಉಬ್ಬಿದರೇ ಅಲ್ವಾ ಸಂದು ಮುಚ್ಚುವುದು?"

"ಅದು ದೋಣಿಯಲ್ಲಿ. ಇದು ಗೋಡೆ."

"ಆಚೆ ನೀರು ಉಂಟು, ಈಚೆ ಮನುಷ್ಯರು ಕೂತುಕೊಳ್ಳುತ್ತಾರೆ. ಮತ್ತೆ ದೋಣಿ ಅಂದರೆ ಎಂತ?"

ಅವಳು ನನ್ನ ಕಡೆ ನೋಡಿದಳು. ಅವಳು ಹೇಳಿದ್ದೇ ಸರಿ ಎಂದು ನನಗೆ ಅನಿಸಿತು. ಆದರೂ ನಾನು ಮೇಸ್ತ್ರಿಯ ಕಡೆ ಬಿದ್ದೆ. ಹಾಳಾಗಿ ಹೋಗಲಿ ಒಂದು ಗೋಡೆ. ವರ್ಷಗಳ ಮೇಲೆ ಆ ಮನುಷ್ಯ ಮರಕ್ಕೆ ಕೈ ಹಚ್ಚಲು ಹೊರಟಿದ್ದರು. ಬೇಡ ಎಂದು ಹೇಗೆ ಹೇಳುವುದು? ಇಂದಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಕಾಂಕ್ರೀಟಿನ ಮೇಲೆ ಅವರಿಗೆ ಹುಟ್ಟುದ್ವೇಷ. ಜೀವ ಇಲ್ಲದ್ದು, ಮಾತು ಕೇಳುವುದಿಲ್ಲ ಎನ್ನುತ್ತಿದ್ದರು. ಡ್ರಿಲ್ಲಿನ ಸದ್ದು ಆಗದು. ಬೇರೆಯವರಿಂದ ತೂತು ಹೊಡೆಸಿ, ಅದರೊಳಗೆ ಮರದ ಬಿರಡೆ ಜಡಿದು, ಆ ಬಿರಡೆಗೆ ಮೊಳೆ ಹೊಡೆದು ಹಲಗೆ ಕೂರಿಸುವುದು. ಹಲಗೆ ನಿಲ್ಲಿಸುವುದಲ್ಲ, ದೋಣಿಯ ಬದಿಯಂತೆ ಅಡ್ಡಕ್ಕೆ, ನೆಲದಿಂದ ಮೇಲಕ್ಕೆ ಒಂದರ ಮೇಲೊಂದು ಸಾಲು. ಹಲಗೆಯ ಸಂದಿಗೆ, ನೆಲದ ಅಂಚಿಗೆ, ಮೂಲೆಗಳಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿ ಇಟ್ಟು, ಒಂದು ಮೊಂಡು ಉಳಿಯಿಂದ ಟುಕ್ ಟುಕ್ ಎಂದು ಬಡಿದು ಒಳಗೆ ಕೂರಿಸಿ, ಮೇಲೆ ಮೇಣದಂಥ ಮಯಣ ಮೆತ್ತುತ್ತಿದ್ದರು. ಒಂದು ಸಾಲು ಮುಗಿದರೆ ಮೆಟ್ಟಿಲ ಬುಡದಿಂದ ನನ್ನನ್ನು ಕರೆಯುವುದು: "ಬಾಯಮ್ಮ, ಹಾಡಿ ನೋಡಿ."

ನಾನು ಅಡುಗೆಯ ಕೈ ಒರೆಸಿಕೊಂಡು ಇಳಿದು ಮರಿಯಮ್ಮನ ಒಂದು ಕೊಂಕಣಿ ಹಾಡು ಹಾಡುತ್ತಿದ್ದೆ. ಅವರು ಕುಕ್ಕುರುಗಾಲಿನಲ್ಲಿ ಕೂತು ಕಣ್ಣು ಮುಚ್ಚಿ, ಹಲಗೆಯ ಮೇಲೆ ಕೈ ಇಟ್ಟು ಕೇಳುತ್ತಿದ್ದರು. ಕಿವಿಯಿಂದಲ್ಲ, ಅಂಗೈಯಿಂದ. ಸಾಲು ಏರಿದಂತೆ ನನ್ನ ದನಿ ಕೆನ್ನೆಗೆ ಹೊಡೆಯುವುದನ್ನು ಬಿಟ್ಟು ನನ್ನ ಹತ್ತಿರವೇ ಬಂದು ನಿಲ್ಲತೊಡಗಿತು. ಅರುವತ್ತು ದಾಟಿದ ಮೇಲೆ ನನ್ನ ದನಿ ನನಗೇ ಇಷ್ಟವಾದದ್ದು ಆ ಕೋಣೆಯಲ್ಲಿ. ಆ ಹಾಡನ್ನು ಅವರೂ ಕಲಿತುಬಿಟ್ಟರು. ಮಾತು ತಿಳಿಯದೆ, ಬರೀ ರಾಗ. ಉಳಿ ಬಡಿಯುತ್ತಾ ಗುನುಗುವುದು ಮೇಲೆ ಅಡುಗೆ ಕೋಣೆಗೆ ಕೇಳುತ್ತಿತ್ತು.

ಮಧ್ಯಾಹ್ನದ ಊಟ ಅಕ್ಕ ಕಟ್ಟಿಕೊಟ್ಟ ಬುತ್ತಿ. ನಮ್ಮಲ್ಲೇ ಉಣ್ಣಿ ಎಂದರೆ ಒಪ್ಪುತ್ತಿರಲಿಲ್ಲ. ಆ ಬುತ್ತಿ ಒಬ್ಬರದಲ್ಲ ಎಂದು ನನಗೆ ಮೊದಲ ದಿನವೇ ಕಂಡಿತು. ಕುಚ್ಚಲಕ್ಕಿಯ ಅನ್ನ ಇಬ್ಬರಿಗಾಗುವಷ್ಟು, ಹುರಿದ ಮೀನು ಎರಡು, ಉಪ್ಪಿನಕಾಯಿಯೂ ಎರಡು ಕಡೆ. ಅವರು ಅರ್ಧ ಉಂಡು, ಉಳಿದರ್ಧವನ್ನು ನಮ್ಮ ನಾಯಿಗೆ ಹಾಕಿ, ಪಾತ್ರೆಯನ್ನು ಚೊಕ್ಕ ತೊಳೆದು ಕಟ್ಟಿಕೊಳ್ಳುತ್ತಿದ್ದರು.

"ಅಕ್ಕನಿಗೆ ಕಡಿಮೆ ಕಟ್ಟಲಿಕ್ಕೆ ಹೇಳಬಾರದಾ?" ಎಂದು ಕೇಳಿದೆ ಒಂದು ದಿನ.

"ಹೇಗೆ ಹೇಳುವುದು ಬಾಯಮ್ಮ," ಎಂದರು. "ನಾವು ಇಬ್ಬರು ಕೆಲಸಕ್ಕೆ ಹೋಗುವಾಗ ಇಷ್ಟೇ ಕಟ್ಟುತ್ತಿದ್ದಳು. ಕೈಗೆ ಅಭ್ಯಾಸ ಆಗಿದೆ. ಕಡಿಮೆ ಮಾಡು ಎಂದರೆ ಅವನು ಇಲ್ಲ ಎಂದು ಹೇಳಿದ ಹಾಗೆ ಅಲ್ವಾ?"

ನಾನು ಎದ್ದು ಹೋಗಬೇಕೆಂದಿದ್ದೆ, ಆದರೆ ಅವರು ಬತ್ತಿಗಳ ಕಟ್ಟನ್ನು ಬಿಚ್ಚುತ್ತಾ ಮಾತು ಮುಂದುವರಿಸಿದರು. ಬತ್ತಿಗಳನ್ನೂ ಅಕ್ಕನೇ ಹೊಸೆದು ಕೊಡುವುದಂತೆ. ಅವರು ಕಟ್ಟಿದ ಎಲ್ಲ ದೋಣಿಗಳಿಗೂ ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹತ್ತಿ ಹೊಸೆದು ಕೊಟ್ಟವಳು ಅವಳೇ. ಕೊನೆಯ ದೋಣಿಗೂ.

"ಅದು ಸಿಕ್ಕಿದ್ದರೆ ನೋಡಬಹುದಿತ್ತು," ಎಂದರು. "ಮಗುಚಿದ ದೋಣಿಯಾದರೆ ಸಂದು ಗಟ್ಟಿ ಇರುತ್ತದೆ. ಸಂದು ಬಿಟ್ಟದ್ದಾದರೆ ಅದೂ ಕಾಣುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ. ಕಡಲು ಅವನನ್ನು ಕೊಟ್ಟಿತು, ದೋಣಿ ಕೊಡಲಿಲ್ಲ. ಗಾಳಿ ಇರಲಿಲ್ಲ ಬಾಯಮ್ಮ ಆ ದಿನ. ಗಾಳಿ ಇಲ್ಲದೆ ದೋಣಿ ಯಾಕೆ ಮುಳುಗಬೇಕು?"

"ಎಷ್ಟು ಕಾರಣ ಇರಬಹುದು ಮೇಸ್ತ್ರಿಯವರೇ."

"ಇರಬಹುದು. ನನಗೆ ಒಂದೇ ಗೊತ್ತಾಗಬೇಕು, ನನ್ನ ಸಂದು ಬಿಟ್ಟಿತಾ ಇಲ್ಲವಾ ಎಂದು." ಅವರು ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಅದೇ ಮರ, ಅದೇ ಬತ್ತಿ, ಅದೇ ಕೈ. ಒಂದು ಮಳೆಗಾಲ ಇದು ಹಿಡಿದರೆ ಅದೂ ಹಿಡಿದಿತ್ತು ಎಂದು ನಾನು ತಿಳಿಯುತ್ತೇನೆ. ಮತ್ತೆ ಅಕ್ಕ ಬಡಿಸಿದ್ದನ್ನು ತಲೆ ಎತ್ತಿ ಉಣ್ಣಬಹುದು."

"ಅಕ್ಕ ಏನಾದರೂ ಅಂದಿದ್ದಾರಾ?"

"ಅವಳಾ? ಒಂದು ದಿನ, ಒಂದು ಮಾತು ಅಂದಿಲ್ಲ. ಅನ್ನಬೇಕಿತ್ತು ಬಾಯಮ್ಮ. ಅಂದಿದ್ದರೆ ಸುಲಭ ಇತ್ತು."

ಮಳೆಗೆ ಮೊದಲೇ ಕೆಲಸ ಮುಗಿಯಿತು. ಏನು ಚಂದ ಎಂದರೆ, ಬೇಸರದ ನಡುವೆಯೂ ಹೇಳಬೇಕು, ಆ ಕೋಣೆಯನ್ನು ನೋಡಲೆಂದೇ ನೆಂಟರು ಬಂದರು. ಜೇನಿನ ಬಣ್ಣದ ಗೋಡೆ, ಸಂದು ಎಲ್ಲಿದೆ ಎಂದು ಉಗುರಿಗೂ ಸಿಗದು. ಕೊಯರಿನವರು ಮೊದಲ ದಿನ ಒಟ್ಟಿಗೆ ಹಾಡಿದಾಗ ಮೇಸ್ತ್ರಿ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಲ್ವಾ ಎಂದು ಛೇಡಿಸಿದೆ. "ಕೋಣನಿಗೂ ಕಿವಿ ಉಂಟು," ಎಂದು ನಕ್ಕರು. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಯುಧಗಳ ಚೀಲವನ್ನು ಕೋಣೆಯ ಮೂಲೆಯಲ್ಲೇ ಬಿಟ್ಟರು. ಮಳೆಗಾಲ ಕಳೆದ ಮೇಲೆ ಕೊಂಡುಹೋಗುತ್ತೇನೆ ಎಂದರು.

ಜೂನಿನಲ್ಲಿ ಮಳೆ ಹಿಡಿಯಿತು. ಭಾನುವಾರ ನಾವು ಪೂಜೆ ಮುಗಿಸಿ ಬರುವಷ್ಟರಲ್ಲಿ ಅವರು ಜಗಲಿಯಲ್ಲಿ ಕೊಡೆ ಮಡಿಸಿ ಕೂತಿರುತ್ತಿದ್ದರು. ಕೆಳಗಿಳಿದು ಗೋಡೆಯುದ್ದಕ್ಕೂ ಅಂಗೈ ಆಡಿಸಿ, ನೆಲದ ಮೇಲೆ ಕೈ ಒತ್ತಿ ಒದ್ದೆ ಉಂಟಾ ಎಂದು ನೋಡಿ, ಒಂದು ಲೋಟ ಕಾಫಿ ಕುಡಿದು ಬಸ್ಸಿಗೆ ಹೋಗುವುದು. ಪ್ರತಿ ಸಲವೂ ಬೆನ್ನು ಸ್ವಲ್ಪ ನೇರವಾದಂತೆ ನನಗೆ ಕಾಣುತ್ತಿತ್ತು. ನೀರಿಗೆ ನಾಚಿಕೆ ಇಲ್ಲ ಬಾಯಮ್ಮ, ಜಾಗ ಸಿಕ್ಕಿದಲ್ಲಿ ನುಗ್ಗುತ್ತದೆ, ಆದರೆ ಇಲ್ಲಿ ಸಿಕ್ಕಿಲ್ಲ ಎಂದರು ಒಮ್ಮೆ. ನಾನೂ ಮನಸ್ಸಿನಲ್ಲೇ ಮರಿಯಮ್ಮನಿಗೆ ಹರಕೆ ಹೊತ್ತುಬಿಟ್ಟಿದ್ದೆ. ಒಂದು ಗೋಡೆಗೋಸ್ಕರ ಹರಕೆ ಹೊತ್ತವಳು ಶಿರ್ವದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಆಟಿ ತಿಂಗಳ ಮಳೆ ಎಡೆಬಿಡದೆ ಹೊಯ್ಯುತ್ತಿದ್ದ ಒಂದು ಸಂಜೆ. ಮರಿಯಮ್ಮನ ಮೊಂತಿ ಹಬ್ಬಕ್ಕೆ ಹಾಡು ಕಲಿಯುತ್ತಿದ್ದೆವು. ಹಿಂದಿನಿಂದ ಟಪ್ ಎಂದು ಸದ್ದಾಯಿತು, ಮತ್ತೆ ಇನ್ನೊಂದು. ಮೊಳೆಗಳು ಬಿರಡೆಯಿಂದ ಕಿತ್ತು ಬರುತ್ತಿದ್ದವು. ನಾವು ನೋಡುತ್ತಿದ್ದ ಹಾಗೆಯೇ ಉದ್ದದ ಗೋಡೆಯ ಹಲಗೆಗಳು ನಡುವಿನಲ್ಲಿ ಮುಂದಕ್ಕೆ ಬಂದವು, ತುಂಬಿದ ಬಸುರಿಯ ಹೊಟ್ಟೆಯಂತೆ. ಹಾಡು ಅಲ್ಲಿಗೇ ನಿಂತಿತು. ಯಾರಿಗೂ ಏಟಾಗಲಿಲ್ಲ. ನನಗೆ ಗೋಡೆಯ ಚಿಂತೆ ಇರಲಿಲ್ಲ. ಇದನ್ನು ಆ ಮನುಷ್ಯನಿಗೆ ಯಾರು ಹೇಳುವುದು ಎನ್ನುವುದೊಂದೇ ಚಿಂತೆ.

ಹೇಳಬೇಕಾಗಿ ಬರಲಿಲ್ಲ. ಭಾನುವಾರ ಅವರಾಗಿಯೇ ಬಂದರು. ಮೆಟ್ಟಿಲಿಳಿದು ಕೊನೆಯ ಮೆಟ್ಟಿಲಿನಲ್ಲೇ ನಿಂತರು. ಕೊಡೆಯ ನೀರು ತೊಟ್ಟಿಕ್ಕುತ್ತಿತ್ತು. ನಾನು ಏನೇನೋ ಹೇಳಿದೆ; ಈ ವರ್ಷದ ಮಳೆ ಹಾಗೆ, ಎಂಜಿನಿಯರು ಹಾಕಿದ ಗೋಡೆಯೇ ಸರಿ ಇಲ್ಲ, ತಂಗಿಯ ಮಗಳು ಹೇಳಿದಂತೆ ರೀಪು ಹೊಡೆದು ಪುನಃ ಮಾಡೋಣ, ಇನ್ನೂ ಏನೇನೋ. ಅವರು ಕೇಳಿಸಿಕೊಳ್ಳಲಿಲ್ಲ. ಆ ಉಬ್ಬಿದ ಗೋಡೆಯನ್ನು ನೋಡಿದರು. ನೋಡಿದರು, ಅಷ್ಟೇ. ಹತ್ತಿರ ಹೋಗಲಿಲ್ಲ. ಕೈ ಚಾಚಲಿಲ್ಲ. ಕುರ್ಚಿಯ ಕೈಯನ್ನೂ ಮುಟ್ಟದೆ ಬಿಡದಿದ್ದ ಮನುಷ್ಯ ಅಂದು ಗೋಡೆಯನ್ನು ಮುಟ್ಟಲಿಲ್ಲ.

"ಸರಿ," ಎಂದರು. "ಅದೂ ಹೀಗೇ ಬಿಟ್ಟದ್ದು."

"ಹಾಗೆ ಹೇಳಬೇಡಿ ಮೇಸ್ತ್ರಿಯವರೇ. ದೋಣಿಯೇ ಬೇರೆ, ಗೋಡೆಯೇ ಬೇರೆ."

"ಕೈ ಒಂದೇ ಅಲ್ವಾ ಬಾಯಮ್ಮ," ಎಂದು ಮೆಟ್ಟಿಲು ಹತ್ತಿದರು. ಕಾಫಿಗೆ ನಿಲ್ಲಲಿಲ್ಲ. ಆಯುಧಗಳ ಚೀಲವನ್ನು ತಿರುಗಿಯೂ ನೋಡಲಿಲ್ಲ.

ಆಮೇಲೆ ಬರಲಿಲ್ಲ. ಫೋನು ಮಾಡಿದರೆ ಅಕ್ಕ ಎತ್ತಿ, "ಹಿತ್ತಲಿನಲ್ಲಿ ಕೂತಿದ್ದಾನೆ ಬಾಯಮ್ಮ, ಕರೆದರೆ ಬರುವುದಿಲ್ಲ," ಎನ್ನುತ್ತಿದ್ದರು. ತಂಗಿಯ ಮಗಳು ಬಂದು ಗೋಡೆಯನ್ನು ನೋಡಿದಳು. ನಾನು ಮೊದಲೇ ಹೇಳಿರಲಿಲ್ಲವಾ ಮಾವ್ಶಿ ಎಂಬ ಮಾತು ಅವಳ ಬಾಯಿಂದ ಬರಬಹುದಿತ್ತು, ಬರಲಿಲ್ಲ. ಹಲಗೆ ಕೀಳಿಸಬೇಕು ಎಂದಳು ಮಾತ್ರ. ಮೇಸ್ತ್ರಿಯೇ ಬಂದು ಕೀಳಲಿ ಎಂದು ನಾನು ದಿನ ದೂಡಿದೆ. ಹಾಡಿನ ಕ್ಲಾಸು ಮೇಲಿನ ಹಾಲಿಗೆ ಬಂತು. ಆಟಿ ಕಳೆದು ಸೋಣ ತಿಂಗಳಲ್ಲಿ ಮೀನಿನ ಹೆಂಗಸು ಆ ಸುದ್ದಿ ತಂದಳು.

ನಾಲ್ಕಾರು ದಿನ ಕಳೆದು ಮಧ್ಯಾಹ್ನ ಗೇಟಿನ ಬಳಿ ಒಬ್ಬರು ಹೆಂಗಸು ನಿಂತಿದ್ದರು. ಸಣಕಲು ಮೈ, ಬಿಳಿ ಕೂದಲು, ಮುಂಗೈಯಲ್ಲಿ ಒಂದು ಖಾಲಿ ಬಟ್ಟೆಯ ಚೀಲ. "ನಾನು ಅವನ ಅಕ್ಕ," ಎಂದರು. ಒಳಗೆ ಕೂರಿಸಿ ನೀರು ಬೆಲ್ಲ ಕೊಟ್ಟೆ. ತಮ್ಮನ ಬೊಜ್ಜ ಹತ್ತಿರ ಬಂತು ಎಂದರು. ಬೊಜ್ಜವೆಂದರೆ ಉತ್ತರಕ್ರಿಯೆ, ಸತ್ತವರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಕೈಯಲ್ಲಿ ಹಿಡಿದಿದ್ದ ವಸ್ತುಗಳನ್ನು ಪಕ್ಕದಲ್ಲಿ ಇಡುತ್ತಾರೆ. "ಅವನ ಉಳಿ ಇಲ್ಲಿ ಉಂಟಂತೆ. ಅದನ್ನು ಇಡದಿದ್ದರೆ ಅವನು ಬರುವುದಿಲ್ಲ."

ನಾನು ತಂದುಕೊಡುತ್ತೇನೆ ಎಂದೆ. ಆ ಗೋಡೆಯನ್ನು ಅವರು ನೋಡುವುದು ನನಗೆ ಬೇಡವಾಗಿತ್ತು. ಅವರು ಕೇಳಲಿಲ್ಲ, ನನ್ನ ಹಿಂದೆಯೇ ಇಳಿದರು. ದೀಪ ಹಾಕಿದೆ. ಅವರು ಉಬ್ಬಿ ನಿಂತ ಹಲಗೆಗಳನ್ನು ನೋಡಿದರು. ಆಮೇಲೆ ಸೀದಾ ಗೋಡೆಯ ಬಳಿ ಹೋಗಿ ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟರು. ತಮ್ಮನದೇ ರೀತಿ. ಒಂದು ಸಂದಿನ ಮೇಲೆ ಉಗುರು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನಡೆದರು, ಬಗ್ಗಿ ಅದರ ಕೆಳಗಿನ ಸಂದು, ಕೂತು ಅದರ ಕೆಳಗಿನದು. ಕೊನೆಗೆ ನೆಲ ಮುಟ್ಟಿ ನೋಡಿದರು. ನೆಲ ಒಣಗಿತ್ತು.

"ಸಂದು ಬಿಟ್ಟಿಲ್ಲ," ಎಂದರು.

"ಅಕ್ಕಾ, ಅಷ್ಟು ಉಬ್ಬಿ ಹೊರಗೆ ಬಂದಿದೆಯಲ್ಲ."

"ಗೋಡೆಯನ್ನು ಬಿಟ್ಟಿದೆ ಬಾಯಮ್ಮ. ಹಲಗೆ ಹಲಗೆಯನ್ನು ಬಿಟ್ಟಿಲ್ಲ."

ಮೂಲೆಯಲ್ಲಿದ್ದ ತಮ್ಮನ ಚೀಲದಿಂದ ಮೊಂಡು ಉಳಿಯನ್ನು ತೆಗೆದು, ಅದರ ಮೂಲೆಯಿಂದ ಕೆಳಗಿನ ಸಂದಿನ ಮಯಣವನ್ನು ಕೆರೆದು, ಒಳಗಿನ ಬತ್ತಿಯ ತುದಿಯನ್ನು ಉಗುರಿನಲ್ಲಿ ಹಿಡಿದು ಎಳೆದರು. ಬತ್ತಿ ಬಿಗಿಯಾಗಿತ್ತು, ಸುಲಭಕ್ಕೆ ಬರಲಿಲ್ಲ. ಗೇಣುದ್ದ ಬಂದ ಮೇಲೆ ಆ ಜಾಗದಿಂದ ಸಣ್ಣಗೆ ನೀರು ಇಳಿಯತೊಡಗಿತು. ಹಲಗೆಯ ಹಿಂದೆ ಅಷ್ಟು ದಿನ ನೀರು ನಿಂತೇ ಇತ್ತು. ಆಟಿಯ ಅಷ್ಟೂ ಮಳೆ ಆಚೆ ನಿಂತು ತಳ್ಳಿದೆ, ಮೊಳೆ ಕಿತ್ತಿದೆ, ಮರ ಉಬ್ಬಿ ಬಾಗಿದೆ, ಆದರೆ ಅವರು ಕೂರಿಸಿದ ಒಂದು ಸಂದಿನಿಂದಲೂ ಒಂದು ಹನಿ ಈಚೆಗೆ ಬಂದಿರಲಿಲ್ಲ. ನಾನು ದಿನಾ ಮೇಲಿನಿಂದ ಇಣುಕಿ ನೋಡಿದ ಒಣ ನೆಲ ಅದನ್ನೇ ಹೇಳುತ್ತಿತ್ತು. ದೋಣಿಯ ಭಾಷೆ ತಿಳಿಯದ ನನಗೆ ಅದು ಎಲ್ಲಿ ಅರ್ಥವಾಗಬೇಕು? ಅರ್ಥವಾಗಬೇಕಾದವರು ಕೊನೆಯ ಮೆಟ್ಟಿಲಿನಲ್ಲಿ ನಿಂತು ಕಣ್ಣಿನಿಂದ ನೋಡಿ ಹೋಗಿಬಿಟ್ಟರು.

ಅಕ್ಕ ನೆಲದ ಮೇಲೆ ಕೂತರು. ನೀರು ಅವರ ಸೀರೆಯ ಅಂಚಿಗೆ ಬಂದರೂ ಸರಿಯಲಿಲ್ಲ.

"ಅವನು ತನ್ನ ಹಲಗೆ ಬಿಟ್ಟಿತು ಅಂದುಕೊಂಡ," ಎಂದರು. "ನಾನು ನನ್ನ ಬತ್ತಿ ಬಿಟ್ಟಿತು ಅಂದುಕೊಂಡೆ. ಹೊಸೆದವಳು ನಾನಲ್ವಾ? ಆ ವರ್ಷ ನನಗೆ ಕೈನೋವು ಇತ್ತು, ಸಡಿಲ ಹೊಸೆದೆನಾ ಅಂತ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಬತ್ತಿಯದೇ ತಪ್ಪು ಅಂತ ಅವನಿಗೆ ಗೊತ್ತಾಗಿದೆ, ನನಗೆ ನೋವಾಗುತ್ತದೆ ಅಂತ ಹೇಳುವುದಿಲ್ಲ ಅಂದುಕೊಂಡೆ. ಒಂದೇ ಒಲೆಯ ಅನ್ನ ಉಂಡೆವು ಬಾಯಮ್ಮ ಇಷ್ಟು ವರ್ಷ."

"ಮತ್ತೆ ಮಗ..." ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡೆ.

"ಮಗ ಹೇಗೆ ಹೋದ ಅಂತ ಕಡಲನ್ನು ಕೇಳಬೇಕು. ಅದು ಹೇಳುವುದಿಲ್ಲ. ಆದರೆ ಇವನದಲ್ಲ, ನನ್ನದೂ ಅಲ್ಲ." ಎಳೆದ ಬತ್ತಿಯ ತುದಿ ಹಿಡಿದು, "ಈಗ ಇದನ್ನು ಯಾರಿಗೆ ಹೇಳುವುದು?" ಎಂದರು.

ನಾನು ಅತ್ತೆ. ಅವರ ಎದುರು ಅಳಬಾರದೆಂದಿದ್ದರೂ ತಡೆಯಲಾಗಲಿಲ್ಲ. ಆ ಕೋಣೆಯಲ್ಲಿ ಅಳು ಕೂಡ ದೂರ ಹೋಗದೆ ನಮ್ಮ ಹತ್ತಿರವೇ ನಿಂತಿತು, ಅಷ್ಟು ಚೆನ್ನಾಗಿ ಮಾಡಿದ್ದರು. ಅವರು ಅಳಲಿಲ್ಲ. ಎಳೆದ ಬತ್ತಿಯನ್ನು ಚೀಲದ ಇನ್ನೊಂದು ಹರಿತದ ಉಳಿಯಿಂದ ಕತ್ತರಿಸಿ, ಬೆರಳ ನಡುವೆ ಇಟ್ಟು ತಿಕ್ಕಿ ನೋಡಿದರು. ಈಚೆಯ ಬದಿ ಒಣಗಿಯೇ ಇತ್ತು, ಹೊಸೆದ ದಿನದ ಹಾಗೆ. ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಆಯುಧಗಳನ್ನು ತಾವು ತಂದ ಚೀಲಕ್ಕೆ ತುಂಬಿ ಎದ್ದರು.

ಬಸ್ಸಿನವರೆಗೆ ನಾನೂ ಹೋದೆ. ಬಸ್ಸು ಬಂದಾಗ ಹತ್ತುವ ಮೊದಲು ಸೆರಗಿನ ಗಂಟನ್ನು ಮುಟ್ಟಿಕೊಂಡು ಹೇಳಿದರು:

"ಉಳಿಯ ಹತ್ತಿರ ಇದನ್ನೂ ಇಡುತ್ತೇನೆ ಬಾಯಮ್ಮ. ಉಣ್ಣುವ ಮೊದಲು ಒಂದು ಸಲ ಮುಟ್ಟಿ ನೋಡಲಿ."